ಅನ್ನ ತುಂಬಿತು

ಎರಡನೇ ಸಲ ಲಾಕ್‌ಡೌನ್ ಆದ ವಾರವೇ ನನ್ನ ಬಲಗೈ ಮುರಿಯಿತು. ಅಟ್ಟದಿಂದ ಮಾವಿನಮಿಡಿಯ ಭರಣಿ ಇಳಿಸುತ್ತಿದ್ದೆ. ಏಣಿಗೆ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟೆ, ಇರಲಿಲ್ಲ. ಭರಣಿ ಉಳಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರು ಆರು ವಾರ ಆ ಕೈಯಲ್ಲಿ ಎಂತದನ್ನೂ ಎತ್ತಬಾರದು ಅಂದರು. ಅವರು ಕೋಣೆಯ ಆಚೆ ತುದಿಯಲ್ಲಿ ನಿಂತು ಮಾತಾಡಿದ್ದರಿಂದ ನಾನು ಎರಡು ಸಲ ಕೇಳಬೇಕಾಯಿತು.

ಐವತ್ತು ವರ್ಷದಿಂದ ಮನೆಯ ಅಡುಗೆ ನನ್ನದು. ಸೊಸೆ ಇಲ್ಲೇ ನಮ್ಮ ಎನ್.ಆರ್.ಪುರದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಆಗ ಅವಳಿಗೆ ಬಿಡುವೇ ಇರಲಿಲ್ಲ, ಬಂದರೂ ಮಹಡಿಯ ಕೋಣೆಯಲ್ಲಿ ಬೇರೆ ಇರುತ್ತಿದ್ದಳು. ಮಗ ಕರೆಂಟಿನ ಲೈನ್‌ಮ್ಯಾನ್, ಬೆಳಿಗ್ಗೆ ಹೋದರೆ ಹೊತ್ತು ಮುಳುಗುವಾಗ ಬರುವವನು. ಅವನಿಗೆ ಅಡುಗೆ ಮಾಡಲು ಬರುತ್ತದೆ. ಅದನ್ನು ತಿನ್ನಲು ನಮಗೆ ಬರುವುದಿಲ್ಲ. ನಮ್ಮನೆಯವರಿಗೆ ಒಲೆ ಹೊತ್ತಿಸಲು ಬರುತ್ತದೆ, ಅಲ್ಲಿಗೆ ಅವರ ವಿದ್ಯೆ ಮುಗಿಯಿತು.

ಹೀಗಾಗಿ ನಾವು ಪಾರ್ಸಲ್ ತಿನ್ನುವವರಾದೆವು. ಅಲ್ಲಿಯವರೆಗೆ ನಾನು ಹೋಟೆಲಿನಲ್ಲಿ ತಿಂದದ್ದು ಮೂರು ಸಲ, ಮೂರು ಸಲವೂ ಬಸ್ಸು ತಪ್ಪಿದ್ದಕ್ಕೆ. ಶೃಂಗೇರಿ ಕಡೆ ಹುಟ್ಟಿದವಳು ನಾನು. ದೊಡ್ಡ ಪಂಕ್ತಿಯಲ್ಲಿ ಕೂತು ಉಂಡು ಅಭ್ಯಾಸ ಇದೆ. ಅಲ್ಲಿ ಬಡಿಸುವವನು ಕಣ್ಣೆದುರಿಗೆ ಇರುತ್ತಾನೆ, ಸಾರು ಸಪ್ಪೆಯಾದರೆ ಅವನ ಮುಖ ನೋಡಬಹುದು. ಪಾರ್ಸಲಿಗೆ ಮುಖ ಇಲ್ಲ.

ಮೊದಲನೇ ವಾರ ಮಗ ಡ್ಯೂಟಿಗೆ ಹೋದ ಊರಿನಿಂದೆಲ್ಲ ಏನೇನೋ ತಂದ. ಕೊಪ್ಪದಿಂದ ಮಸಾಲೆ ದೋಸೆ ತಂದ. ಅಲ್ಲಿ ಹೆಂಚಿನಿಂದ ಎದ್ದಾಗ ಗರಿಗರಿ ಇದ್ದಿರಬಹುದು, ಇಲ್ಲಿಗೆ ಬಂದಾಗ ಹಿಂಡಿ ಒಣಹಾಕದ ಪಂಚೆಯ ಹಾಗಿತ್ತು. ಶೃಂಗೇರಿಯಿಂದ ನೀರುದೋಸೆ ತಂದ. ಹತ್ತು ದೋಸೆಯೂ ಅಂಟಿಕೊಂಡು ಒಂದೇ ದೋಸೆಯಾಗಿ ಬಂತು, ನಮ್ಮನೆಯವರು ಅದನ್ನು ಚೂರಿಯಲ್ಲಿ ಕೊಯ್ದು ಬಡಿಸಿದರು. ಚಟ್ನಿ, ಸಾಂಬಾರು ಎಲ್ಲ ಪ್ಲಾಸ್ಟಿಕ್ ಕೊಟ್ಟೆಯಲ್ಲಿ, ಬಾಯಿಗೆ ದಾರ ಸುತ್ತಿ ಬರುತ್ತಿದ್ದವು. ಆ ದಾರ ಸುತ್ತುವವರಿಗೆ ಏನು ಸಿಟ್ಟಿರುತ್ತದೋ. ಒಂದು ಕೈಯಲ್ಲಿ ಬಿಚ್ಚಲು ಆಗದೆ ಹಲ್ಲಿನಲ್ಲಿ ಕಚ್ಚಿ ಹರಿದೆ. ಸಾಂಬಾರು ಪ್ಲಾಸ್ಟರಿಗೆ ಹೋಯಿತು. ಆರು ವಾರವೂ ನನ್ನ ಕೈ ಇಂಗಿನ ವಾಸನೆ ಹೊಡೆಯುತ್ತಿತ್ತು.

ನಮ್ಮ ಬೀದಿಯ ಹೆಂಗಸರೆಲ್ಲ ಆಗ ಕಾಂಪೌಂಡ್ ಗೋಡೆಯ ಆಚೆ ಈಚೆ ನಿಂತು ಪಾರ್ಸಲಿನ ಸುದ್ದಿಯನ್ನೇ ಮಾತಾಡುತ್ತಿದ್ದರು. ಯಾರ ಮನೆಗೆ ಎಲ್ಲಿಂದ ಬಂತು, ಪಲಾವಿನಲ್ಲಿ ಬಟಾಣಿ ಎಷ್ಟಿತ್ತು. ಪಕ್ಕದ ಮನೆಯವಳು ತಿನ್ನುವ ಮೊದಲು ಫೋಟೋ ತೆಗೆದು ಎಲ್ಲರ ಫೋನಿಗೂ ಕಳಿಸುತ್ತಿದ್ದಳು. ನಾನು ಅವಳಿಗೆ, "ತಿಂದ ಮೇಲಿಂದೂ ಒಂದು ಕಳ್ಸು ಮಾರಾಯ್ತಿ, ಹೊಟ್ಟೆ ಹೇಗುಂಟು ಅಂತ ಗೊತ್ತಾಗ್ಲಿ" ಅಂದೆ. ಅವಳು ಎರಡು ದಿನ ಮಾತು ಬಿಟ್ಟಳು.

ಕೊನೆಗೆ ಸೊಸೆಯೇ ದಾರಿ ಹೇಳಿದಳು. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಒಬ್ಬಳು ಹೆಂಗಸಿನ ಚಿಕ್ಕ ಹೋಟೆಲಿದೆ, ಆಸ್ಪತ್ರೆಯವರಿಗೆ ಅಲ್ಲಿಂದಲೇ ಊಟ, ಮನೆಯಿಂದ ಕ್ಯಾರಿಯರ್ ಕೊಟ್ಟರೆ ತುಂಬಿ ಕೊಡುತ್ತಾಳೆ ಅಂದಳು. ಆ ಹೆಂಗಸು ಕೇರಳದವಳು. ಮದುವೆಯಾಗಿ ಇಲ್ಲಿಗೆ ಬಂದು ಹದಿನೈದು ವರ್ಷವಾಗಿತ್ತು. ಡ್ರೈವರು ಕಂಡಕ್ಟರುಗಳ ಜೊತೆ ಮಾತಾಡಿ ಕನ್ನಡ ಕಲಿತವಳು, ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವಳು. ಗಂಡ ತಾಯಿಯನ್ನು ನೋಡಿ ಬರುತ್ತೇನೆಂದು ಊರಿಗೆ ಹೋದವನು ಗಡಿ ಮುಚ್ಚಿದ್ದರಿಂದ ಅಲ್ಲೇ ಉಳಿದಿದ್ದ.

"ಮೀನು ಮಾಡುವ ಹೋಟೆಲಲ್ವಾ ಅದು?" ಅಂದೆ.

"ನಮ್ಗೆ ಬೇರೆ ಪಾತ್ರೆಯಂತೆ ಅತ್ತೆ. ಕೇಳಿದೇನೆ."

ಬೇರೆ ಪಾತ್ರೆ ಅಂದ ಮೇಲೆ ಬೇರೆ ಪಾತ್ರೆ. ನಾನು ನೋಡಲು ಹೋಗಲಿಲ್ಲ.

ಸೊಸೆ ಇನ್ನೊಂದು ಮಾತೂ ಹೇಳಿದಳು. ಬಸ್ಸು ನಿಂತು ಆ ಹೋಟೆಲಿಗೆ ಗಿರಾಕಿ ಇಲ್ಲ. ಕಟ್ಟಡದ ಓನರಿಗೆ ಆ ಜಾಗ ಮೊಬೈಲ್ ಅಂಗಡಿಗೆ ಕೊಡುವ ಮನಸ್ಸಿದೆ. ಒಲೆ ಉರಿಯುವವರೆಗೆ ಇರು, ಒಂದು ದಿನ ಬಾಗಿಲು ಹಾಕಿದರೆ ಬೀಗ ನಾನು ಬದಲಾಯಿಸುತ್ತೇನೆ ಎಂದು ಹೇಳಿಬಿಟ್ಟಿದ್ದಾನೆ. ದಿನಾ ಬೆಳಿಗ್ಗೆ ವಾಕಿಂಗಿನ ನೆವದಲ್ಲಿ ಬಂದು ಹೊಗೆ ಬರುತ್ತದೋ ಇಲ್ಲವೋ ನೋಡಿಕೊಂಡು ಹೋಗುತ್ತಾನೆ. ಅವಳು ಎಲ್ಲಿಗೆ ಹೋಗಬೇಕು? ಗಡಿ ಮುಚ್ಚಿದೆ.

"ಅವಳ ಹೋಟೆಲ್ ಮುಚ್ಚಿದ್ರೆ ನಮ್ಗೆ ಪುನಃ ನಿಮ್ ಮಗನ ಅಡುಗೆಯೇ" ಅಂದಳು ಸೊಸೆ. ಅಲ್ಲಿಗೆ ವಿಷಯ ನನಗೂ ಗಂಭೀರವಾಗಿ ಕಂಡಿತು.

ಕ್ಯಾರಿಯರ್ ಹೊತ್ತುಕೊಂಡು ಹೋಗುವ ಕೆಲಸ ನಮ್ಮನೆಯವರದು. ಬೈಕ್ ತೆಗೆದರೆ ಪೊಲೀಸರು ನಿಲ್ಲಿಸುತ್ತಿದ್ದರು, ನಡೆದು ಹೋಗುವ ಮುದುಕನನ್ನು ಯಾರೂ ಕೇಳುತ್ತಿರಲಿಲ್ಲ. ಮೊದಲ ದಿನದ ಸಾರು ನೀರು. ಎರಡನೇ ದಿನದ ಪಲ್ಯಕ್ಕೆ ತೆಂಗಿನೆಣ್ಣೆ ಸುರಿದಿದ್ದಳು. ನಾನು ಹೇಳಿ ಕಳಿಸಿದೆ. ಮೂರನೇ ದಿನವೂ ಸಾರು ನೀರೇ.

"ಹೇಳಿದ್ರಾ?" ಎಂದು ಕೇಳಿದೆ.

"ಹೇಳ್ದೆ."

"ಎಂತ ಹೇಳಿದ್ರಿ?"

"ಊಟ ಚೆನ್ನಾಗಿತ್ತಂತೆ ಅಂದೆ. ಪಾಪ, ಒಬ್ಬಳೇ ಮಾಡ್ತಾಳೆ ಮಾರಾಯ್ತಿ."

ಐವತ್ತು ವರ್ಷದಲ್ಲಿ ನನ್ನ ಅಡುಗೆಯ ಬಗ್ಗೆ ಈ ಮನುಷ್ಯ ಒಂದು ದಿನ ಚೆನ್ನಾಗಿದೆ ಅಂದವರಲ್ಲ. ಇನ್ನು ಇವರ ಬಾಯಿ ನೆಚ್ಚಿಕೊಂಡರೆ ಆಗುವುದಿಲ್ಲ ಎಂದು ನಾನೇ ಚೀಟಿ ಬರೆಯತೊಡಗಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅದೂ ಬಲಗೈಯಲ್ಲಿ. ಎಡಗೈಯಲ್ಲಿ ಬರೆದದ್ದು ಕೋಳಿ ಕೆದರಿದ ಹಾಗೆ ಬಂತು. "ಸಾರು ನೀರು" ಎಂದು ಬರೆದು ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿಟ್ಟೆ. ಮಾರನೇ ದಿನ ಸಾರು ಗಟ್ಟಿಯಾಗಿ ಬಂತು. ಜೊತೆಗೆ ಅವಳದೂ ಒಂದು ಚೀಟಿ: "ಈಗ?" ನಾನು "ಪರವಾಗಿಲ್ಲ" ಎಂದು ಬರೆದೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿತ್ತು. ಬಸ್ಸಿನ ಬೋರ್ಡಿನ ಅಕ್ಷರ, ದೂರದಿಂದಲೂ ಕಾಣುವಂಥದು.

ಹೀಗೆ ಒಂದು ವಾರ ನಡೆಯಿತು. ಆಮೇಲೆ ಅನ್ನದ ಗಲಾಟೆ ಶುರುವಾಯಿತು.

ಒಂದು ದಿನ ಅನ್ನ ಸಾಲಲಿಲ್ಲ. ಮಗ ಮನೆಯಲ್ಲಿದ್ದ, ಅವನು ಉಂಡರೆ ಹಾಗೆಯೇ. ನಾನು ಚೀಟಿಯಲ್ಲಿ "ಅನ್ನ ತುಂಬಿತು" ಎಂದು ಬರೆದು ಕಳಿಸಿದೆ. ನಮ್ಮ ಕಡೆ ಅನ್ನ ಮುಗಿಯಿತು, ಅಕ್ಕಿ ಖಾಲಿ ಎಂದು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಮುಗಿದರೆ ತುಂಬಿತು ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಬಳೆ ಒಡೆದರೆ ಹೆಚ್ಚಿತು ಅನ್ನಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಒಮ್ಮೆ ಬಾಯಿ ತಪ್ಪಿ "ಉಪ್ಪು ಖಾಲಿ" ಅಂದಿದ್ದೆ. ನನ್ನ ಅತ್ತೆ ಆ ದಿನವಿಡೀ ಉಪ್ಪಿಲ್ಲದ ಅಡುಗೆ ಉಣ್ಣಿಸಿದ್ದರು. ಅಲ್ಲಿಂದ ಮುಂದೆ ನಾನು ಮರೆತದ್ದಿಲ್ಲ.

ಮಾರನೇ ದಿನ ಡಬ್ಬಿ ತೆಗೆದರೆ ಅನ್ನ ಹಿಂದಿನ ದಿನಕ್ಕಿಂತ ಕಡಿಮೆ. ನನ್ನ ಅಕ್ಷರ ಗೊತ್ತಾಗಲಿಲ್ಲವೇನೋ ಎಂದು ಈ ಸಲ ದೊಡ್ಡದಾಗಿ ಬರೆದೆ: "ಅನ್ನ ಬೇಗ ತುಂಬಿತು." ಅದರ ಮಾರನೇ ದಿನ ಇನ್ನೂ ಕಡಿಮೆ. ನನಗೆ ಸಿಟ್ಟು ಬಂತು. "ಕೂತ ಕೂಡಲೇ ತುಂಬಿತು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ನಾಲ್ಕನೇ ದಿನ ನಾಲ್ಕು ಜನಕ್ಕೆ ಬಂದ ಅನ್ನ ಒಂದು ಬೆಕ್ಕಿಗೂ ಸಾಲದು. ಅದರ ಮೇಲೆ ಚೀಟಿ: "ಅಮ್ಮ ನಿಮ್ಮ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ. ಜ್ವರ ಇದೆಯಾ. ಡಾಕ್ಟರಿಗೆ ತೋರಿಸಿ."

ನಮ್ಮನೆಯವರು ಅದನ್ನು ಓದಿ ನಕ್ಕು ನಕ್ಕು ಕೆಮ್ಮಿದರು. ಆಗಿನ ಕಾಲದಲ್ಲಿ ಕೆಮ್ಮಿದರೆ ಪಕ್ಕದ ಮನೆಯ ಕಿಟಕಿ ಮುಚ್ಚುತ್ತಿತ್ತು. ಮುಚ್ಚಿತು.

ಸೊಸೆಯ ಫೋನಿನಿಂದ ಅವಳಿಗೆ ಮಾತಾಡಿದೆ.

"ಎಂತ ಮಾರಾಯ್ತಿ, ಅನ್ನ ತುಂಬಿತು ಅಂತ ಬರ್ದ್ರೆ ಕಡಿಮೆ ಮಾಡ್ತೀಯಲ್ಲ?"

"ಅಮ್ಮಾ, ತುಂಬಿತು ಅಂದ್ರೆ ಜಾಸ್ತಿ ಆಯ್ತು ಅಂತ ಅಲ್ವಾ? ನನ್ನ ಬಸ್ಸಿನವ್ರು ಬಸ್ ತುಂಬಿತು ಅಂದ್ರೆ ಜಾಗ ಇಲ್ಲ ಅಂತ."

"ಅದು ಬಸ್ಸು. ಇದು ಅನ್ನ. ಅನ್ನ ತುಂಬಿತು ಅಂದ್ರೆ ಖಾಲಿ ಆಯ್ತು ಅಂತ."

ಫೋನಿನಲ್ಲಿ ಅವಳ ಹಿಂದೆ ಕುಕ್ಕರು ಕೂಗಿತು.

"ಖಾಲಿ ಆದ್ರೆ ತುಂಬಿತು. ಹಾಗಾದ್ರೆ ನಿಜವಾಗಿ ತುಂಬಿದ್ರೆ ಎಂತ ಹೇಳ್ಬೇಕು ಅಮ್ಮಾ?"

"ಎಂತದೂ ಹೇಳ್ಬಾರ್ದು. ಇದ್ದದ್ದನ್ನು ಯಾಕೆ ಹೇಳ್ಕೊಂಡು ತಿರುಗ್ಬೇಕು?"

"ಹದಿನೈದು ವರ್ಷದಿಂದ ಯಾರೂ ಹೇಳ್ಲಿಲ್ಲ ನನ್ಗೆ."

"ಹೋಟೆಲಿಗೆ ಬರುವವ್ರು ಇದೆಲ್ಲ ಯಾಕೆ ಹೇಳ್ತಾರೆ? ಒಲೆ ಮುಂದೆ ನಿಂತು ಖಾಲಿ ಅನ್ಬಾರ್ದು, ಅಷ್ಟೇ. ಅಂದ್ರೆ ನಿಜವಾಗಿ ಖಾಲಿ ಆಗ್ತದೆ."

"ಆಯ್ತಮ್ಮಾ. ನೆನಪಿಟ್ಕೊಳ್ತೇನೆ."

ಮಾರನೇ ದಿನ ಅನ್ನ ಡಬ್ಬಿಯ ಮುಚ್ಚಳ ಎತ್ತಿ ನಿಂತಿತ್ತು.

ಅದಾಗಿ ಎರಡು ವಾರ ಆಗಿರಬೇಕು. ನಮ್ಮನೆಯವರು ಕ್ಯಾರಿಯರ್ ಹಿಡಿದುಕೊಂಡು ಬಂದರು, ಚಪ್ಪಲಿ ಹೊರಗೆ ಬಿಟ್ಟರು, ಸೋಪು ಹಾಕಿ ಕೈ ತೊಳೆದರು. ಆಮೇಲೆ ಆ ದಿನದ ಸುದ್ದಿ ಹೇಳಿದರು. ಕೊಪ್ಪದ ಕಡೆಯಿಂದ ಯಾರೋ ನಾಲ್ಕು ಜನ ಜೀಪಿನಲ್ಲಿ ಬಂದು, ಬಸ್ ಸ್ಟ್ಯಾಂಡಿನ ಸುತ್ತ ಕೆಲಸವಿಲ್ಲದೆ ಕೂತವರಿಗೆಲ್ಲ ಅಕ್ಕಿ ಬೇಳೆಯ ಕಿಟ್ ಹಂಚಿದರಂತೆ. ಇವಳ ಹೋಟೆಲಿಗೂ ಹೋಗಿ ಕೇಳಿದರಂತೆ.

"ಅವಳು ಬೇಡ ಅಂದ್ಳು. ಅವಳಿಗೇನು, ಆರಾಮ ಇದಾಳೆ."

"ಬೇಡ ಅಂತ ಅಂದ್ಳಾ?"

"ಬೇಡ ಅಂತ ಅನ್ಲಿಲ್ಲ. ಅಕ್ಕಿ ಉಂಟಾ ಅಂತ ಅವ್ರು ಕೇಳಿದ್ರು. ಅಕ್ಕಿ ತುಂಬಿದೆ ಅಂದ್ಳು. ಅವ್ರು ಬರ್ಕೊಂಡು ಮುಂದೆ ಹೋದ್ರು."

ನಾನು ಡಬ್ಬಿ ತೆಗೆದೆ. ಅನ್ನದ ಡಬ್ಬಿಯಲ್ಲಿ ಅನ್ನ ಇರಲಿಲ್ಲ. ಬೇಯಿಸಿದ ಮರಗೆಣಸು ಇತ್ತು, ಪಕ್ಕದಲ್ಲಿ ಕಾಯಿಚಟ್ನಿ. ಚೀಟಿ ಇರಲಿಲ್ಲ.

"ಎಷ್ಟು ವರ್ಷ ಆಯ್ತು ನಿಮ್ಗೆ?" ಎಂದು ಅವರನ್ನು ಕೇಳಿದೆ.

"ಎಪ್ಪತ್ತನಾಲ್ಕು. ಯಾಕೆ?"

"ಈ ಮನೆಯಲ್ಲಿ ಅಕ್ಕಿ ತುಂಬಿದೆ ಅಂದ್ರೆ ಎಂತ ಅರ್ಥ?"

ಅವರು ಯೋಚನೆ ಮಾಡಿದರು. ಮುಖ ಸಣ್ಣದಾಯಿತು. "ಅವಳು ಮಲಯಾಳಿ ಅಲ್ವಾ" ಅಂದರು. ಆ ಮಾತು ಅವಳ ಬಾಯಲ್ಲಿ ಬಂದದ್ದರಿಂದ ಇವರಿಗೆ ಹೊಳೆಯಲಿಲ್ಲ. ನಮ್ಮ ಮಾತು ನಮಗೇ ಗೊತ್ತಾಗದ ಹಾಗೆ ಕಲಿಸಿಬಿಟ್ಟಿದ್ದೆ.

ಸೊಸೆಗೆ ಫೋನ್ ಮಾಡಿಸಿ ವಿಚಾರಿಸಿದೆ. ಆಸ್ಪತ್ರೆಯ ಊಟವನ್ನು ಆ ವಾರದಿಂದ ಬೇರೆ ಯಾರೋ ಪುಣ್ಯಾತ್ಮರು ಪುಕ್ಕಟೆ ಕಳಿಸುತ್ತಿದ್ದರಂತೆ. ಹೋಟೆಲಿಗೆ ಉಳಿದ ಗಿರಾಕಿ ನಾವು ಮತ್ತು ಇಬ್ಬರು ಪೊಲೀಸರು. ಅಂದರೆ ನಾಳೆ ಬೆಳಿಗ್ಗೆ ಓನರು ಬರುವಾಗ ಹಾಕಲು ಅಕ್ಕಿ ಇಲ್ಲ, ಅಕ್ಕಿ ಇಲ್ಲದಿದ್ದರೆ ಒಲೆ ಇಲ್ಲ, ಒಲೆ ಇಲ್ಲದಿದ್ದರೆ ಮೊಬೈಲ್ ಅಂಗಡಿ.

ನಮ್ಮ ಮನೆಯಲ್ಲಿ ಅಕ್ಕಿ ಇತ್ತು. ಮುತ್ತಿನಕೊಪ್ಪದ ಗದ್ದೆಯಿಂದ ವರ್ಷಕ್ಕಾಗುವಷ್ಟು ಬರುತ್ತದೆ. ಐದು ವಾರದಿಂದ ಯಾರೂ ಮುಟ್ಟದೆ ಡ್ರಮ್ಮಿನಲ್ಲಿ ಹಾಗೇ ಕೂತಿತ್ತು. ನಮ್ಮನೆಯವರು ಕೂಡಲೇ, "ಒಂದು ಚೀಲ ಕೊಟ್ಬಿಡುವ, ಪಾಪ" ಅಂದರು. ಪಾಪ ಎಂದು ಕೊಟ್ಟರೆ ಅವಳು ತೆಗೆದುಕೊಳ್ಳುವವಳಲ್ಲ. ಜೀಪಿನವರಿಗೆ ಬಿಡಿಸಿ ಹೇಳದವಳು ಇವರಿಗೆ ಹೇಳುತ್ತಾಳೆಯೇ. ನಾನು ಸಂಜೆ ಕೂತು ಚೀಟಿ ಬರೆದೆ. ಎಡಗೈ ಅಷ್ಟರಲ್ಲಿ ಪಳಗಿತ್ತು.

"ನಿನ್ನ ಹೋಟೆಲಿನ ಅಕ್ಕಿ ಸರಿ ಇಲ್ಲ. ಮೊದಲ ದಿನದಿಂದಲೂ ಸರಿ ಇಲ್ಲ. ನಮ್ಮ ಮನೆಯವರಿಗೆ ಆ ಅನ್ನ ಹೊಟ್ಟೆ ಹಿಡಿಯುತ್ತದೆ. ನಮ್ಮ ಗದ್ದೆಯ ಅಕ್ಕಿ ಕಳಿಸಿದ್ದೇನೆ. ಇನ್ನು ಮೇಲೆ ಇದರಲ್ಲೇ ಮಾಡು. ನಮಗೊಬ್ಬರಿಗೆ ಬೇರೆ ಇಡಬೇಡ, ಎಲ್ಲರಿಗೂ ಇದನ್ನೇ ಮಾಡು, ಎರಡು ಪಾತ್ರೆ ತೊಳೆಯುವ ಕೆಲಸ ಯಾಕೆ. ಹುಳ ಬೀಳುವುದರೊಳಗೆ ಮುಗಿಸಬೇಕು."

ಬರೆದ ಮೇಲೆ ಓದಿದೆ. "ಮುಗಿಸಬೇಕು" ಎಂಬುದನ್ನು ಹೊಡೆದು "ತುಂಬಬೇಕು" ಎಂದು ಮಾಡಿದೆ. ಮತ್ತೆ ಓದಿದೆ. ಅರ್ಥ ಎಡವಟ್ಟಾಯಿತು. ಪುನಃ "ಮುಗಿಸಬೇಕು" ಎಂದೇ ಬರೆದೆ. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು, ಇನ್ನು ಉಪ್ಪು ನಿಲ್ಲಿಸುವವರಿಲ್ಲ.

ನಮ್ಮನೆಯವರು ಹಿಂದೆ ನಿಂತು ಓದಿದರು. "ನಂಗೆಲ್ಲಿ ಹೊಟ್ಟೆ ಹಿಡೀತು?" ಅಂದರು.

"ನಾಳೆವರೆಗೆ ಹಿಡೀತದೆ. ಹೊರಗೆ ಹೋಗ್ಬೇಡಿ."

ಮಗನ ಬೈಕಿಗೆ ಡ್ಯೂಟಿಯ ಪಾಸ್ ಇತ್ತು. ಮಾರನೇ ದಿನ ಬೆಳಕು ಹರಿಯುತ್ತಲೇ ಅವನು ಚೀಲ ಇಟ್ಟುಕೊಂಡು ಹೋದ. ಬಂದು ಅವಳ ಸುದ್ದಿ ಹೇಳಿದ. ಅವಳು ಚೀಟಿ ಓದಿದಳು, ಚೀಲದ ಬಾಯಿ ಬಿಚ್ಚಿ ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದಳು, ಮೂಸಿದಳು. "ನಿಮ್ಮಮ್ಮ ಬೈದಿದ್ದಾರೆ" ಅಂದಳು. ಇವನು, "ನಮ್ಗೂ ಬೈತಾರೆ" ಅಂದ. ಆಮೇಲೆ ಅವಳು ದೊಡ್ಡ ಪಾತ್ರೆಗೆ ನೀರಿಟ್ಟಳು. ಇವನು ಹೊರಡುವಾಗ ಓನರು ಎದುರಿನ ರಸ್ತೆಯಲ್ಲಿ ನಿಂತಿದ್ದನಂತೆ, ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು. ಜೊತೆಗೆ ಟೇಪು ಹಿಡಿದುಕೊಂಡ ಇನ್ನೊಬ್ಬ. ಅಂಗಡಿಯ ಅಳತೆ ತೆಗೆಯಲು ಬಂದವನಿರಬೇಕು. ಹೊಗೆ ನೋಡಿ ಇಬ್ಬರೂ ನಿಂತರು. ಸ್ವಲ್ಪ ಹೊತ್ತಿಗೆ ಟೇಪಿನವನು ಬಂದು ಎರಡು ಚಾ ಪಾರ್ಸಲ್ ಕೇಳಿದ.

ಅವತ್ತು ಮಧ್ಯಾಹ್ನ ಕ್ಯಾರಿಯರ್ ತೆಗೆದಾಗ ನನಗೆ ಬೇಕಾದದ್ದು ಚೀಟಿ. ಇತ್ತು. ಬಸ್ಸಿನ ಬೋರ್ಡಿನ ಅಕ್ಷರದಲ್ಲಿ: "ಅಮ್ಮ ನಿಮ್ಮ ಅಕ್ಕಿ ಮುದ್ದೆ ಆಗುತ್ತದೆ. ಹೋಟೆಲಿಗೆ ಒಳ್ಳೆಯದಲ್ಲ. ನೀರು ಎಷ್ಟು ಹಾಕಬೇಕು."

ಅನ್ನ ನಿಜವಾಗಿಯೂ ಮುದ್ದೆಯಾಗಿತ್ತು. ನೀರಿನ ಅಳತೆ ಬರೆದು ಕಳಿಸಿದೆ. ಪಕ್ಕದ ಮನೆಯವಳಿಗೂ ಗೋಡೆಯ ಮೇಲಿಂದ ಹೇಳಿದೆ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಈಗ ಮುತ್ತಿನಕೊಪ್ಪದ ಅಕ್ಕಿಯ ಅನ್ನ, ಬೇಕಾದರೆ ಫೋಟೋ ತೆಗಿ. ಅವಳು ತೆಗೆದಳು. ವಾರದೊಳಗೆ ನಮ್ಮ ಬೀದಿಯಿಂದ ಒಂಬತ್ತು ಕ್ಯಾರಿಯರ್ ಹೋಗುತ್ತಿದ್ದವು. ಎಲ್ಲವನ್ನೂ ಹೊರುವವರು ನಮ್ಮನೆಯವರೇ. ಅವರು ನನ್ನ ಜೊತೆ ಮಾತು ಕಡಿಮೆ ಮಾಡಿದರು.

ಪ್ಲಾಸ್ಟರ್ ಬಿಚ್ಚಿದ ದಿನ ಆಸ್ಪತ್ರೆಯಿಂದ ನೇರ ಅವಳ ಹೋಟೆಲಿಗೆ ಹೋದೆ. ಅಲ್ಲಿಯವರೆಗೆ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆವತ್ತೂ ಇಬ್ಬರದೂ ಅರ್ಧ ಮುಖ ಮಾತ್ರ ಕಂಡಿತು. ಅವಳು ನಾನು ಎಣಿಸಿದ್ದಕ್ಕಿಂತ ಕುಳ್ಳಿ. ನಾನು ಅವಳು ಎಣಿಸಿದ್ದಕ್ಕಿಂತ ಮುದುಕಿ ಇರಬೇಕು, ಬೆಂಚು ಒರೆಸಿ ಕೊಡಲು ಓಡಿದಳು. ಒಳಗೆ ಕೂರುವ ಹಾಗಿರಲಿಲ್ಲ, ಹೊರಗೆ ಹಾಕಿದಳು.

"ಜೀಪಿನವ್ರಿಗೆ ಯಾಕೆ ಹಾಗೆ ಹೇಳ್ದೆ?" ಎಂದು ಕೇಳಿದೆ.

"ನೀವೇ ಹೇಳಿದ್ದಲ್ವಾ ಅಮ್ಮಾ, ಒಲೆ ಮುಂದೆ ನಿಂತು ಖಾಲಿ ಅನ್ಬಾರ್ದು ಅಂತ. ಮತ್ತೆ ಓನರು ಪಕ್ಕದಲ್ಲೇ ನಿಂತಿದ್ರು."

"ಅವ್ರಿಗೆ ಗೊತ್ತಾಗ್ಲಿಲ್ವಾ?"

"ಮಲಯಾಳಿಯವಳು ಅಕ್ಕಿ ತುಂಬಿದೆ ಅಂದ್ರೆ ತುಂಬಿದೆ ಅಂತಲೇ ತಿಳ್ಕೊಂಡ್ರು." ಅವಳ ಕಣ್ಣು ಸಣ್ಣದಾಯಿತು. ನಕ್ಕಿರಬೇಕು. "ನಿಮ್ಗೆ ಮಾತ್ರ ಗೊತ್ತಾಗ್ತದೆ ಅಂತ ಗೊತ್ತಿತ್ತು ನನ್ಗೆ. ಅದಕ್ಕೇ ನಿಮ್ಮ ಯಜಮಾನ್ರು ಇರುವಾಗ ಸ್ವಲ್ಪ ಗಟ್ಟಿಯಾಗಿ ಹೇಳ್ದೆ."

ನಾನು ನಮ್ಮನೆಯವರ ಕಡೆ ನೋಡಿದೆ. ಅವರು ಖಾಲಿ ನಿಂತ ಬಸ್ಸೊಂದರ ಬೋರ್ಡು ಓದುತ್ತಿದ್ದರು.

ಚಾ ಕುಡಿದೆ. ಸಕ್ಕರೆ ಜಾಸ್ತಿ ಇತ್ತು, ಹೇಳಿದೆ. ಎದ್ದು "ಬರ್ತೇನೆ" ಅಂದೆ.

"ಇದು ನಮ್ಮಲ್ಲೂ ಉಂಟಮ್ಮಾ, ಹೋಗುವಾಗ ಬರ್ತೇನೆ ಅನ್ನೋದು" ಅಂದಳು. "ಆದ್ರೂ ಕೇಳ್ತೇನೆ. ಕೈ ಸರಿ ಆಯ್ತಲ್ಲ, ನಾಳೆ ಕ್ಯಾರಿಯರ್ ಬರ್ತದಾ?"

ನಾನು ಬಲಗೈ ಬೆರಳು ಮಡಚಿ ನೋಡಿದೆ. ಹೆಬ್ಬೆರಳು ಅರ್ಧಕ್ಕೆ ನಿಂತಿತು. ಐವತ್ತು ವರ್ಷ ಅಡುಗೆ ಮಾಡಿ ಬಡಿಸಿದ್ದು ಸಾಕು ಎಂದೂ ತೋರಿತು.

"ಬರ್ತದೆ. ಸಾರು ನೀರು ಮಾಡ್ಬೇಡ" ಅಂದೆ.